ಶಾಲೆ ಬಿಟ್ಟ ಮೇಲಿನ ಒಂದು ಗಂಟೆ

ಕನ್ನಡ ಪಂಡಿತನಿಗೆ ವಿಜ್ಞಾನದ ಗೊಡವೆ ಏಕೆಂದು ತಾವು ಕೇಳಬಹುದು. ಕೇಳಿ, ತಪ್ಪಿಲ್ಲ. ಸಂಜೆಯ ಗಂಟೆ ಬಾರಿಸಿದೊಡನೆ ಮಕ್ಕಳು ಯಾವ ಕಡೆಗೆ ಹೋಗುತ್ತಾರೆಂಬುದನ್ನು ಎಲ್ಲ ಉಪಾಧ್ಯಾಯರೂ ನೋಡುತ್ತಾರೆ. ಹುಡುಗರು ಮೈದಾನಕ್ಕೆ ಓಡುತ್ತಾರೆ. ಹುಡುಗಿಯರು ಮನೆಗೆ ನಡೆಯುತ್ತಾರೆ. ನಲ್ಲಿಯಲ್ಲಿ ನೀರು ಬರುವ ಹೊತ್ತು, ತಮ್ಮನನ್ನು ಎತ್ತಿಕೊಳ್ಳುವ ಹೊತ್ತು ಅದೇ. ಈ ಹೊತ್ತಿನಲ್ಲಿ ವಾರಕ್ಕೊಂದು ಗಂಟೆಯನ್ನು ವಿಜ್ಞಾನಕ್ಕಾಗಿ ಬಿಡಿಸಿಕೊಡಿ ಎಂಬುದೇ ನನ್ನ ಬಿನ್ನಹ.

ಒಂದು ಗಂಟೆಯಲ್ಲಿ ಏನಾದೀತು? ಆರತಿಯ ತಟ್ಟೆಯನ್ನೇ ತೆಗೆದುಕೊಳ್ಳಿ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿದರೆ ಓಕುಳಿ ಕೆಂಪೇರುವುದನ್ನು ನಮ್ಮ ಹೆಣ್ಣುಮಕ್ಕಳೆಲ್ಲ ಬಲ್ಲರು. ಏಕೆ ಕೆಂಪಾಯಿತೆಂದು ಮಾತ್ರ ಮನೆಯಲ್ಲಿ ಕೇಳುವವರಿಲ್ಲ. ಅರಿಶಿನದಲ್ಲಿ ಕರ್ಕ್ಯುಮಿನ್ ಎಂಬ ಬಣ್ಣದ ವಸ್ತುವುಂಟು. ಕ್ಷಾರ ಸೋಕಿದೊಡನೆ ಅದರ ಅಣುವಿನ ರೂಪ ಬದಲಾಗುತ್ತದೆ. ಅದು ಹೀರುವ ಬೆಳಕೂ ಬೇರೆಯಾಗಿ ಕಣ್ಣಿಗೆ ಕೆಂಪಾಗಿ ಕಾಣುತ್ತದೆ. ಅದೇ ಓಕುಳಿಗೆ ನಿಂಬೆಹಣ್ಣು ಹಿಂಡಿ: ಹಳದಿ ಹಿಂದಿರುಗುತ್ತದೆ. ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದದ ಪಟ್ಟಿಗಳಿದ್ದರೆ ಸಾಬೂನು, ಒಗೆಯುವ ಸೋಡ, ಹುಣಿಸೆಯ ರಸ ಎಲ್ಲವನ್ನೂ ಪರೀಕ್ಷಿಸಬಹುದು. ನೀರಿಗೂ ಹಳದಿ, ಹುಣಿಸೆಗೂ ಹಳದಿ, ಇವೆರಡನ್ನು ಬೇರೆ ಮಾಡುವುದು ಹೇಗೆಂದು ಒಬ್ಬಳಾದರೂ ಕೇಳದಿರಳು. ಆಗ ಕೆಂಪು ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ನೆನೆಹಾಕಿಸಿ. ಆ ನೀರು ಆಮ್ಲಕ್ಕೆ ಕೆಂಪಾಗುತ್ತದೆ, ಕ್ಷಾರಕ್ಕೆ ಹಸುರಾಗುತ್ತದೆ.

ಆದರೆ ಅಡಿಗೆಮನೆಯಲ್ಲೇ ನಿಂತರೆ ಸಾಲದು. ಹುಡುಗ ಹುಡುಗಿಯರು ಕೂಡಿ ಪ್ರಯೋಗಕ್ಕೆ ಕುಳಿತರೆ ತಿರುಪುಳಿ ಹುಡುಗನ ಕೈಗೆ, ಪೆನ್ಸಿಲು ಹುಡುಗಿಯ ಕೈಗೆ ಹೋಗುವುದು ವಾಡಿಕೆ. ಅವಳ ಅಕ್ಷರ ದುಂಡಗಿರುತ್ತದಂತೆ! ಪಂಡಿತನಾದ ನಾನೇ ಹೇಳುತ್ತೇನೆ, ದುಂಡನೆಯ ಅಕ್ಷರ ಆಮೇಲೆ ಆದೀತು. ಟಾರ್ಚನ್ನು ಅವಳೇ ಬಿಚ್ಚಲಿ. ಒಂದೂವರೆ ವೋಲ್ಟಿನ ಎರಡು ಸೆಲ್ಲುಗಳನ್ನು ಸಾಲಾಗಿ ಇಟ್ಟರೆ ಮೂರು ವೋಲ್ಟು. ಒಂದನ್ನು ತಿರುಗುಮುರುಗಾಗಿ ಇಟ್ಟರೆ ಒಂದರ ಒತ್ತಡವನ್ನು ಇನ್ನೊಂದು ತಡೆದು ದೀಪ ಹೊತ್ತುವುದಿಲ್ಲ. ಹೊತ್ತದ ದೀಪದ ಕಾರಣವನ್ನು ತಾನೇ ಹುಡುಕಿದವಳು ಮಿಕ್ಸಿಯ ಪ್ಲಗ್ಗಿಗೆ ಹೆದರಿ ನಿಲ್ಲುವುದಿಲ್ಲ.

1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕರಾದ ಸಿ. ವಿ. ರಾಮನ್ ಮೊದಲು ಒಪ್ಪಲಿಲ್ಲ. ಆಕೆ ಪಟ್ಟು ಬಿಡಲಿಲ್ಲ. ಕರಾರುಗಳೊಡನೆ ಪ್ರವೇಶ ಸಿಕ್ಕಿತು. 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದ ಕಮಲಾ ಸೊಹೋನಿ ಈಕೆಯೇ. ನಮ್ಮ ನಾಡಿನ ರಾಜೇಶ್ವರಿ ಚಟರ್ಜಿಯವರು 1953ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಡಾಕ್ಟರೇಟ್ ಮುಗಿಸಿ, ಅದೇ ಸಂಸ್ಥೆಗೆ ಬಂದು ಮೈಕ್ರೋವೇವ್ ಮತ್ತು ಆಂಟೆನಾಗಳ ಶಾಸ್ತ್ರವನ್ನು ಬೋಧಿಸಿದರು. ತಮ್ಮ ಮನೆಯ ರೇಡಿಯೋ ಧ್ವನಿಯನ್ನು ಹಿಡಿಯುವುದು ಆಂಟೆನಾದಿಂದಲೇ ಅಲ್ಲವೆ?

ಕೇಂದ್ರ ಸರ್ಕಾರದ ಯೋಜನೆಯಿಂದ 2016ರ ಈಚೆಗೆ ಅನೇಕ ಶಾಲೆಗಳಿಗೆ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು ಬಂದಿವೆ. ಉಪಕರಣಗಳಿವೆ, ಸಂಜೆ ಅದಕ್ಕೆ ಬೀಗ ಬೀಳದಂತೆ ನೋಡಿಕೊಳ್ಳಬೇಕು.

ತಾಯಂದಿರಿಗೆ ಕತ್ತಲೆಯ ಅಳುಕು. ಅದು ನ್ಯಾಯವಾದುದೇ. ಐದೂವರೆಗೆ ಮುಗಿಸಿ, ಒಂದೇ ಬೀದಿಯವರನ್ನು ಜೊತೆಗೂಡಿಸಿ ಕಳುಹಿಸುವ ಹೊಣೆ ಶಾಲೆಯದು. ನೀರು ಹಿಡಿಯುವ ಕೆಲಸ ಆ ಒಂದು ದಿನ ಅಣ್ಣನ ಪಾಲಿಗಿರಲಿ. ಮೊದಲ ವಾರ ಮಗಳ ಕೈಯಲ್ಲಿ ಕಳುಹಿಸಬೇಕಾದುದು ಇಷ್ಟೆ: ಅರಿಶಿನ, ಒಂದು ನಿಂಬೆಹಣ್ಣು, ಹೊತ್ತದೆ ಮೂಲೆಯಲ್ಲಿ ಬಿದ್ದಿರುವ ಹಳೆಯ ಟಾರ್ಚು. ಸುಣ್ಣ ಕಣ್ಣಿಗೆ ತಾಗಿದರೆ ಅಪಾಯ. ಅದನ್ನು ಉಪಾಧ್ಯಾಯರೇ ತರಲಿ.