ನೀರಿನ ತೋಟದಲ್ಲಿ ಗಿಡ ಹಠಾತ್ ಬಾಡಿದರೆ: ಮೊದಲು ಗೊಬ್ಬರಕ್ಕೆ ಕೈ ಹಾಕಬೇಡಿ



ನಮ್ಮಲ್ಲಿ ಕೆಲವರು ಈಗ ಮನೆಯ ಬಾಲ್ಕನಿಯಲ್ಲೋ ಕಟ್ಟಡದ ಟೆರೇಸಿನಲ್ಲೋ ಮಣ್ಣಿಲ್ಲದೆ ಬರೀ ನೀರಿನಲ್ಲಿ ಪುದೀನ, ಬೇಸಿಲ್, ಲೆಟ್ಯೂಸ್ ಬೆಳೆಸುತ್ತಿದ್ದಾರೆ. ಹೈಡ್ರೋಪೋನಿಕ್ಸ್ ಎಂಬ ಈ ಪದ್ಧತಿ ನಮ್ಮ ದೇಶಕ್ಕೆ ಹೊಸತಲ್ಲ. 1946ರಷ್ಟು ಹಿಂದೆಯೇ ಶೋಲ್ಟೊ ಡಗ್ಲಸ್ ಎಂಬವರು ಬಂಗಾಳದ ಕಾಲಿಂಪಾಂಗ್‌ನಲ್ಲಿ ಇದರ ಪ್ರಯೋಗ ನಡೆಸಿದ್ದರು. ಮಳೆಗಾಲದಲ್ಲಿ ಸೊಪ್ಪಿನ ಬೆಲೆ ಏರಿದಾಗ ಚಟ್ನಿಗೆ ಮನೆಯ ಪುದೀನ ಸಿಕ್ಕಿದರೆ ಯಾರಿಗೆ ಬೇಡ? ಆದರೆ ನಿನ್ನೆ ರಾತ್ರಿ ಚೆನ್ನಾಗಿದ್ದ ಗಿಡ ಇಂದು ತಲೆ ಬಗ್ಗಿಸಿ ನಿಂತರೆ ಏನು ಮಾಡುವುದು? ಹತ್ತನೇ ತರಗತಿ ಓದಿದ ನಾನು ಪೆಟ್ಟು ತಿಂದು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ನನ್ನ ಅನುಭವ

ಜೋಗೇಶ್ವರಿಯಲ್ಲಿ ನಮ್ಮ ಕಟ್ಟಡದ ಟೆರೇಸಿನಲ್ಲಿ ಸೊಸೈಟಿಯ ಒಪ್ಪಿಗೆ ಪಡೆದು ಪೈಪುಗಳಲ್ಲಿ 120 ಗಿಡ ಇಟ್ಟಿದ್ದೆ. ನೋಡಿಕೊಳ್ಳಲು ಹೊಟೇಲಿನ ಒಬ್ಬ ಹುಡುಗನಿಗೆ ಹೇಳಿದ್ದೆ. 2024ರ ಬೇಸಿಗೆಯಲ್ಲಿ ಮುಂಬಯಿಗೆ ನೀರು ಕೊಡುವ ಕೆರೆಗಳು ಬತ್ತುತ್ತಾ ಬಂದವು. ಪಾಲಿಕೆ ಮೇ 30ರಿಂದ ಶೇಕಡಾ 5, ಜೂನ್ 5ರಿಂದ ಶೇಕಡಾ 10 ನೀರು ಕಡಿತ ಮಾಡಿತು. ಸೊಸೈಟಿಯವರು ಟ್ಯಾಂಕರ್ ತರಿಸತೊಡಗಿದರು.

ವಾರ ಕಳೆಯುವಷ್ಟರಲ್ಲಿ ಎಲೆಗಳ ಅಂಚು ಸುಟ್ಟಂತಾಗಿ ಒಂದೇ ದಿನದಲ್ಲಿ ಸಾಲಿಗೆ ಸಾಲೇ ಬಾಡಿತು. ಮೀಟರ್ ಅದ್ದಿದರೆ 800 ಇರಬೇಕಾದ ಟಿ.ಡಿ.ಎಸ್. 1,900 ತೋರಿಸಿತು. "ಗೊಬ್ಬರ ಜಾಸ್ತಿ ಸುರಿದಿದ್ದೀಯಾ" ಎಂದು ಹುಡುಗನಿಗೆ ಎಲ್ಲರೆದುರು ಬೈದೆ. "ಇಲ್ಲ ಸೇಠ್, ಅಳತೆ ಮುಚ್ಚಳದಲ್ಲೇ ಹಾಕಿದ್ದು" ಎಂದ. ನಾನು ನಂಬಲಿಲ್ಲ. ಅವನು ಲೆಕ್ಕ ಮಾಡಿಕೊಡಿ, ಊರಿಗೆ ಹೋಗುತ್ತೇನೆ ಎಂದ.

ಮೂರನೇ ದಿನ ಏನೋ ತೋಚಿ, ಗೊಬ್ಬರವೇ ಹಾಕದ ಬಾಲ್ದಿ ನೀರಿಗೆ ಮೀಟರ್ ಅದ್ದಿದೆ. 1,100! ಪಾಲಿಕೆಯ ನೀರಿನಲ್ಲಿ ಅದೇ ಮೀಟರ್ ನೂರರ ಒಳಗೇ ತೋರಿಸುತ್ತಿತ್ತು. ಬಂದದ್ದು ಉಪ್ಪಿನಂಶದ ನೀರು. ಹುಡುಗನ ತಪ್ಪು ಏನೂ ಇರಲಿಲ್ಲ. ಅವನಲ್ಲಿ ಹೋಗಿ, ಬೈದ ಹಾಗೆಯೇ ಎಲ್ಲರೆದುರು, ತಪ್ಪು ನನ್ನದು ಎಂದು ಹೇಳಿದೆ. ಅವನು ಉಳಿದ. ಗಿಡಗಳಲ್ಲಿ ಉಳಿದದ್ದು ಮೂವತ್ತು ಮಾತ್ರ.

ಮುಖ್ಯ ಮಾತು

ಗೊಬ್ಬರ ಕಡಿಮೆಯಾದರೆ ಗಿಡ ಒಂದು ರಾತ್ರಿಯಲ್ಲಿ ಬಾಡುವುದಿಲ್ಲ. ಅದು ದಿನಗಟ್ಟಲೆ ನಿಧಾನವಾಗಿ ಹಳದಿಯಾಗುತ್ತದೆ. ಗಂಟೆಗಳಲ್ಲಿ ಬಾಡಿತೆಂದರೆ ಹೆಚ್ಚಾಗಿ ಬೇರಿಗೆ ನೀರು ಅಥವಾ ಗಾಳಿ ಸಿಗುತ್ತಿಲ್ಲ ಎಂದರ್ಥ. ಆಗ ಗೊಬ್ಬರ ಸುರಿದರೆ ಇನ್ನೂ ಕೆಡುತ್ತದೆ. ಈ ಕ್ರಮದಲ್ಲಿ ನೋಡಿ.

1. ಪಂಪು: ಪೈಪಿನ ಪದ್ಧತಿಯಲ್ಲಿ ಬೇರಿನ ಕೆಳಗೆ ನೀರು ತೆಳುವಾಗಿ ಹರಿಯುತ್ತಿರುತ್ತದೆ. ಕರೆಂಟ್ ಹೋಗಿ ಅಥವಾ ಪಂಪಿನ ಜಾಲರಿಯಲ್ಲಿ ಬೇರಿನ ಚೂರು ಸಿಕ್ಕಿ ನೀರು ನಿಂತರೆ, ಬೇಸಿಗೆಯಲ್ಲಿ ಕೆಲವೇ ಗಂಟೆ ಸಾಕು. ಪ್ರತಿ ಪೈಪಿನ ಕೊನೆಯಲ್ಲೂ ನೀರು ಬೀಳುತ್ತಿದೆಯೇ ನೋಡಿ. ಪಂಪು ಸರಿಯಾಗುವ ತನಕ ಮಗ್ಗಿನಲ್ಲಿ ನೀರು ಹೊಯ್ಯುತ್ತಾ ಇರಿ.

2. ಬೇರು: ಒಂದು ಗಿಡ ಎತ್ತಿ ನೋಡಿ. ಬಿಳಿ ಬೇರು ಆರೋಗ್ಯದ ಗುರುತು. ಕಂದು ಬಣ್ಣಕ್ಕೆ ತಿರುಗಿ, ಲೋಳೆಯಾಗಿ, ಕೊಳೆತ ವಾಸನೆ ಬಂದರೆ ಬೇರು ಕೊಳೆ ರೋಗ. ಪಿಥಿಯಂ ಎಂಬ ಸೂಕ್ಷ್ಮಜೀವಿಯಿಂದ ಇದು ಬರುವುದುಂಟು. ಅಂಥ ಗಿಡವನ್ನು ತೆಗೆದು ಎಸೆಯಿರಿ. ನೀರೆಲ್ಲ ಚೆಲ್ಲಿ ಟಾಂಕಿ, ಪೈಪು ತಿಕ್ಕಿ ತೊಳೆದು ಒಣಗಿಸಿ.

3. ನೀರಿನ ಬಿಸಿ: ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಬೇರು ಉಸಿರುಗಟ್ಟುತ್ತದೆ, ರೋಗವೂ ಬೇಗ ಹಿಡಿಯುತ್ತದೆ. ಟಾಂಕಿಯನ್ನು ನೆರಳಿಗೆ ಸರಿಸಿ, ಬೆಳಕು ಹೋಗದಂತೆ ಮುಚ್ಚಿ. ಮೀನಿನ ತೊಟ್ಟಿಗೆ ಹಾಕುವ ಗಾಳಿ ಪಂಪು ಹಾಕಿ. ನಮಗೆ ಡೀಪ್ ಫ್ರೀಜರ್ ಇದ್ದೇ ಇದೆ: ಬಾಟಲಿಯಲ್ಲಿ ನೀರು ಗಟ್ಟಿ ಮಾಡಿ, ಮುಚ್ಚಳ ತೆಗೆಯದೆ ಟಾಂಕಿಗೆ ಬಿಡಿ. ಮಧ್ಯಾಹ್ನ ಮಾತ್ರ ಬಾಡಿ ಸಂಜೆ ಸುಧಾರಿಸುವ ಗಿಡಕ್ಕೆ ನೆರಳು ಕೊಟ್ಟರೆ ಸಾಕು.

4. ಬರೀ ನೀರು: ಬೇರು ಬಿಳಿಯೇ ಇದ್ದು ಎಲೆಯ ಅಂಚು ಸುಟ್ಟಿದ್ದರೆ ಉಪ್ಪಿನ ಸಂಶಯ ಮಾಡಿ. ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕಿದರೆ ನೀರು ಬಿಟ್ಟು ಸುಕ್ಕುತ್ತದಲ್ಲವೇ? ಬೇರಿನ ಕಥೆಯೂ ಅದೇ. ನೀರು ಸುತ್ತಲೂ ಇದ್ದರೂ ಗಿಡಕ್ಕೆ ಎಳೆದುಕೊಳ್ಳಲಾಗದು. ಗೊಬ್ಬರ ಹಾಕುವ ಮೊದಲೇ ಮೀಟರ್ ಅದ್ದಿ ನೋಡಿ. ಕೆಟ್ಟಿದ್ದರೆ ಎಲ್ಲ ಚೆಲ್ಲಿ, ಒಂದು ದಿನ ಒಳ್ಳೆಯ ನೀರು ಮಾತ್ರ ಹರಿಸಿ, ಆಮೇಲೆ ಅರ್ಧ ಗೊಬ್ಬರದಿಂದ ಶುರು ಮಾಡಿ. ನೀರು ಒಳ್ಳೆಯದೇ ಇದ್ದರೂ ಸೆಖೆಗೆ ಆವಿಯಾದಂತೆ ಗೊಬ್ಬರ ದಪ್ಪವಾಗುತ್ತದೆ. ಆಗ ಬರೀ ನೀರು ಸೇರಿಸಬೇಕು.

5. ಪಿ.ಎಚ್.: ಸೊಪ್ಪಿಗೆ 5.5ರಿಂದ 6.5ರ ಒಳಗೆ ಇರಬೇಕು. ಮೀಟರೂ ಸುಳ್ಳು ಹೇಳುತ್ತದೆ. ತಿಂಗಳಿಗೊಮ್ಮೆ 4 ಮತ್ತು 7ರ ದ್ರಾವಣದಲ್ಲಿ ಅದನ್ನು ಸರಿಪಡಿಸಿ.

ನಿಧಾನವಾಗಿ ಬರುವ ತೊಂದರೆಯ ಗುರುತು ಬೇರೆ. ಕೆಳಗಿನ ಹಳೆಯ ಎಲೆ ಹಳದಿಯಾದರೆ ಸಾರಜನಕದ ಕೊರತೆ. ಮೇಲಿನ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ. ಅದಕ್ಕೂ ಅನೇಕ ಸಲ ಪಿ.ಎಚ್. ಏರಿದ್ದೇ ಕಾರಣ. ಎ, ಬಿ ಎಂದು ಎರಡು ಬಾಟಲಿಯ ಗೊಬ್ಬರವಿದ್ದರೆ ನೇರ ಒಂದಕ್ಕೊಂದು ಬೆರೆಸಬೇಡಿ. ಬಿಳಿಯಾಗಿ ತಳ ಹಿಡಿದು ಗಿಡಕ್ಕೆ ಸಿಗದೆ ಹೋಗುತ್ತದೆ. ಒಂದನ್ನು ಟಾಂಕಿಯ ನೀರಿನಲ್ಲಿ ಕಲಕಿದ ನಂತರ ಇನ್ನೊಂದನ್ನು ಹಾಕಿ.

ಕೊನೆಯದಾಗಿ, ಔಷಧಿ ಹೊಡೆದ ಸೊಪ್ಪು, ಕೊಳೆತ ಬೇರಿನ ಗಿಡದ ಸೊಪ್ಪು ಅಡುಗೆಮನೆಗೆ ಹೋಗಬಾರದು. ಗಿರಾಕಿಯ ತಟ್ಟೆಗಿಂತ ಗಿಡ ದೊಡ್ಡದಲ್ಲ.

ಟಾಂಕಿಯ ಪಕ್ಕ ಒಂದು ಪುಸ್ತಕ ನೇತುಹಾಕಿ. ನೀರು ಎಲ್ಲಿಂದ ಬಂತು, ಮೀಟರ್ ಎಷ್ಟು ತೋರಿಸಿತು ಎಂದು ದಿನಾ ಬರೆಸಿ. ನಮ್ಮಲ್ಲಿ ಈಗ ಆ ಹುಡುಗನೇ ಬರೆಯುತ್ತಾನೆ. ಟ್ಯಾಂಕರ್ ಬಂದ ದಿನ ಮೊದಲು ಮೀಟರ್ ಹಿಡಿದು ಓಡುವವನೂ ಅವನೇ. ಆ ಪುಸ್ತಕ ಮೊದಲೇ ಇದ್ದಿದ್ದರೆ ನನ್ನ 90 ಗಿಡವೂ ಉಳಿಯುತ್ತಿತ್ತು, ಅವನ ಕಣ್ಣಲ್ಲಿ ನೀರೂ ಬರುತ್ತಿರಲಿಲ್ಲ.