ನೆಬ್ರಾಸ್ಕದ ಸೆನೆಟರ್ ಜಾರ್ಜ್ ನಾರಿಸ್

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಸೆನೆಟ್ ಸಭೆಗೆ ಪ್ರತಿಯೊಂದು ಸಂಸ್ಥಾನವೂ, ದೊಡ್ಡದಾಗಲಿ ಚಿಕ್ಕದಾಗಲಿ, ಇಬ್ಬರನ್ನೇ ಕಳುಹಿಸುತ್ತದೆ. ಜನಭರಿತವಾದ ನ್ಯೂಯಾರ್ಕಿಗೂ ಇಬ್ಬರು. ಮೆಕ್ಕೆಜೋಳ ಬೆಳೆದು ದನ ಸಾಕಿ ಬಾಳುವ ನೆಬ್ರಾಸ್ಕಕ್ಕೂ ಇಬ್ಬರು. ಇಂತಹ ಸಭೆಯಲ್ಲಿ ಹಳ್ಳಿಗಾಡಿನವನೊಬ್ಬನು ಹಟ ಹಿಡಿದು ನಿಂತರೆ ಏನಾಗಬಹುದೆಂಬುದನ್ನು ಜಾರ್ಜ್ ನಾರಿಸನ ಚರಿತ್ರೆಯಲ್ಲಿ ಕಾಣಬಹುದು.

ಈತನು 1861ರಲ್ಲಿ ಒಹಾಯೊ ಸಂಸ್ಥಾನದ ರೈತ ಕುಟುಂಬದಲ್ಲಿ ಜನಿಸಿದನು. ಎಳೆತನದಲ್ಲಿಯೇ ತಂದೆ ತೀರಿಕೊಂಡನು. ಮುಂದೆ ನೆಬ್ರಾಸ್ಕದಲ್ಲಿ ವಕೀಲನೂ ನ್ಯಾಯಾಧೀಶನೂ ಆಗಿ, 1903ರಲ್ಲಿ ರಿಪಬ್ಲಿಕನ್ ಪಕ್ಷದ ಪರವಾಗಿ ಪ್ರತಿನಿಧಿಸಭೆಯನ್ನು ಸೇರಿದನು. ಆಗ ಸಭಾಪತಿ ಕ್ಯಾನನ್ನನ ಮಾತೇ ಶಾಸನ. ಸಮಿತಿಗಳಿಗೆ ಸದಸ್ಯರನ್ನು ನೇಮಿಸುವವನು ಅವನೇ. ಯಾವ ಮಸೂದೆ ಚರ್ಚೆಗೆ ಬರಬೇಕೆಂದು ನಿರ್ಣಯಿಸುವ ನಿಯಮಸಮಿತಿಯ ಮುಖ್ಯಸ್ಥನೂ ಅವನೇ. 1910ರ ಮಾರ್ಚಿಯಲ್ಲಿ ನಾರಿಸನು ಸಮಯ ನೋಡಿ, ಬಹುಕಾಲದಿಂದ ಜೇಬಿನಲ್ಲಿಟ್ಟುಕೊಂಡಿದ್ದ ನಿರ್ಣಯವೊಂದನ್ನು ಮಂಡಿಸಿದನು. 191ಕ್ಕೆ 156 ಮತಗಳಿಂದ ಅದು ಅಂಗೀಕೃತವಾಯಿತು. ಸ್ವಪಕ್ಷದ ನಾಯಕನನ್ನೇ ಹೀಗೆ ನಿಯಮಸಮಿತಿಯಿಂದ ಹೊರಹಾಕಿದವನನ್ನು ಪಕ್ಷದ ಹಿರಿಯರು ಕೊನೆಯವರೆಗೂ ನಂಬಲಿಲ್ಲ.

1913ರಲ್ಲಿ ಸೆನೆಟಿಗೆ ಬಂದನು. ನಾಲ್ಕು ವರ್ಷಗಳೊಳಗೆ ನಿಜವಾದ ಪರೀಕ್ಷೆ ಒದಗಿತು. ಯುರೋಪಿನ ಮಹಾಯುದ್ಧಕ್ಕೆ ಅಮೆರಿಕವು ಇಳಿಯುವ ಹೊತ್ತು. ವ್ಯಾಪಾರದ ಹಡಗುಗಳಿಗೆ ತೋಪುಗಳನ್ನು ಹೂಡಲು ಅಧ್ಯಕ್ಷ ವಿಲ್ಸನ್ನನು ಕೇಳಿದ ಅಧಿಕಾರವನ್ನು, ನಾರಿಸನೂ ಕೆಲವರು ಸಂಗಡಿಗರೂ ಅಧಿವೇಶನದ ಅವಧಿ ಮುಗಿಯುವವರೆಗೆ ಮಾತನಾಡಿ ತಡೆದರು. ದೇಶವೆಲ್ಲ ಕೆರಳಿತು, ಪತ್ರಿಕೆಗಳು ದ್ರೋಹಿಯೆಂದು ಜರೆದವು. ಆಗ ನಾರಿಸನು ಮಾಡಿದುದು ವಿಚಿತ್ರ. ಪ್ರಜೆಗಳು ಬಯಸಿದರೆ ವಿಶೇಷ ಚುನಾವಣೆ ನಡೆಯಲಿ, ಸೋತರೆ ಸ್ಥಾನ ಬಿಡುವೆನೆಂದು ನೆಬ್ರಾಸ್ಕದ ಗವರ್ನರನಿಗೆ ಬರೆದನು. ರಾಜಧಾನಿಯಾದ ಲಿಂಕನ್ ನಗರಕ್ಕೆ ಹೋಗಿ ತಾನೇ ಸಭಾಭವನವನ್ನು ಗೊತ್ತುಮಾಡಿದನು. ಅಧ್ಯಕ್ಷತೆ ವಹಿಸಲು ಯಾರೂ ಮುಂದೆ ಬರಲಿಲ್ಲ. ಒಬ್ಬನೇ ನಿಂತು ತನ್ನ ಕಾರಣಗಳನ್ನು ವಿವರಿಸಿದನು. ಬೈಗುಳವನ್ನು ನಿರೀಕ್ಷಿಸಿದ್ದವನಿಗೆ ಕರತಾಡನ ದೊರೆಯಿತು. ಏಪ್ರಿಲ್ 4ರಂದು ಸೆನೆಟಿನಲ್ಲಿ ಯುದ್ಧಕ್ಕೆ ವಿರುದ್ಧವಾಗಿ ಬಿದ್ದ ಆರೇ ಮತಗಳಲ್ಲಿ ಅವನದೂ ಒಂದು. ಮಾರನೆಯ ವರ್ಷ ಆ ರೈತರೇ ಅವನನ್ನು ಮತ್ತೆ ಆರಿಸಿದರು.

ಯುದ್ಧಕಾಲದಲ್ಲಿ ಮದ್ದುಗುಂಡಿನ ತಯಾರಿಕೆಗಾಗಿ ಸರ್ಕಾರವು ಅಲಬಾಮದ ಟೆನೆಸಿ ನದಿಗೆ ಅಣೆಕಟ್ಟನ್ನು ಕಟ್ಟತೊಡಗಿತ್ತು. ಯುದ್ಧ ಮುಗಿದೊಡನೆ ಮೋಟಾರು ತಯಾರಕನಾದ ಹೆನ್ರಿ ಫೋರ್ಡನು ಅದನ್ನು ತನಗೆ ಕೊಡಬೇಕೆಂದನು. ಜನರ ಹಣದಿಂದ ಆದುದು ಜನರಲ್ಲಿಯೇ ಉಳಿಯಬೇಕೆಂದು ನಾರಿಸನು ಅಡ್ಡ ನಿಂತನು. ಆ ನದಿಯ ಒಂದು ಹನಿಯೂ ನೆಬ್ರಾಸ್ಕಕ್ಕೆ ಹರಿಯದು. ಅದರಿಂದ ಅವನಿಗೆ ಒಂದು ಮತವೂ ಬರುವಂತಿರಲಿಲ್ಲ. ಅವನ ಮಸೂದೆಯನ್ನು 1928ರಲ್ಲಿ ಕೂಲಿಜನೂ 1931ರಲ್ಲಿ ಹೂವರನೂ ತಡೆದರು. 1933ರಲ್ಲಿ ರೂಸ್ವೆಲ್ಟನು ಸಹಿ ಹಾಕಿದನು. ಟೆನೆಸಿ ಕಣಿವೆಯ ಪ್ರಾಧಿಕಾರವು ಹುಟ್ಟಿದುದು ಹೀಗೆ.

ಆ ಕಾಲದಲ್ಲಿ ಅಮೆರಿಕದ ಹತ್ತು ಹೊಲಮನೆಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ವಿದ್ಯುತ್ತಿದ್ದಿತು. ಚದುರಿದ ಮನೆಗಳಿಗೆ ತಂತಿ ಎಳೆಯುವುದು ಲಾಭಕರವಲ್ಲವೆಂದು ಕಂಪೆನಿಗಳು ಸುಮ್ಮನಿದ್ದವು. ರೈತರ ಸಹಕಾರ ಸಂಘಗಳಿಗೆ ಸರ್ಕಾರದ ಸಾಲ ದೊರೆಯುವಂತೆ 1936ರ ಕಾನೂನನ್ನು ತಂದವರಲ್ಲಿ ನಾರಿಸನು ಪ್ರಮುಖನು. ಕಾರ್ಮಿಕ ಕಲಹಗಳಲ್ಲಿ ನ್ಯಾಯಾಲಯಗಳ ತಡೆಯಾಜ್ಞೆಗೆ ಮಿತಿ ಹಾಕಿದ 1932ರ ಕಾನೂನಿಗೂ ಅವನ ಹೆಸರಿದೆ.

ವಿರೋಧಿಗಳ ಯುಕ್ತಿಯೊಂದನ್ನು ಹೇಳದೆ ಬಿಡಲಾಗದು. 1930ರಲ್ಲಿ ಅದೇ ಹೆಸರಿನ ದಿನಸಿ ವ್ಯಾಪಾರಿಯೊಬ್ಬನನ್ನು ಹುಡುಕಿ, ಪಕ್ಷದೊಳಗಿನ ಚುನಾವಣೆಗೆ ನಿಲ್ಲಿಸಿದರು! ಮತದಾರರು ಯಾವ ನಾರಿಸನೆಂದು ತಿಳಿಯದೆ ತಡಬಡಾಯಿಸಲಿ ಎಂಬುದೇ ಹೂಟ. ಅರ್ಜಿಯು ಗಡುವು ಮೀರಿ ತಲುಪಿದುದರಿಂದ ಹೂಟ ಫಲಿಸಲಿಲ್ಲ.

ಸ್ವಂತ ಸಂಸ್ಥಾನದಲ್ಲಿ ಶಾಸನಸಭೆಗೆ ಎರಡು ಮನೆಗಳೇಕೆಂದು ಕೇಳಿದವನೂ ಅವನೇ. ಎರಡು ಮನೆಗಳ ಭೇದವನ್ನು ಕೆಲವರು ಮುಚ್ಚಿದ ಕೋಣೆಯಲ್ಲಿ ತೀರ್ಮಾನಿಸುವುದರಿಂದ ಹೊಣೆ ಯಾರದೆಂದು ಪ್ರಜೆಗಳಿಗೆ ತಿಳಿಯುವುದಿಲ್ಲವೆಂಬುದು ಅವನ ವಾದ. 1934ರಲ್ಲಿ ಮತದಾರರು ಒಪ್ಪಿದರು. 1937ರಿಂದ ನೆಬ್ರಾಸ್ಕದಲ್ಲಿ ಒಂದೇ ಮನೆ. ಇಂದಿಗೂ ಅಮೆರಿಕದಲ್ಲಿ ಏಕಸಭೆಯುಳ್ಳ ಸಂಸ್ಥಾನ ಅದೊಂದೇ.

1936ರಲ್ಲಿ ಪಕ್ಷವನ್ನೇ ತೊರೆದು ಸ್ವತಂತ್ರನಾಗಿ ಗೆದ್ದ ನಾರಿಸನು, 1942ರಲ್ಲಿ, ಎಂಬತ್ತೊಂದನೆಯ ವಯಸ್ಸಿನಲ್ಲಿ ಸೋತನು. ಮೆಕುಕ್ ಊರಿನ ತನ್ನ ಮನೆಗೆ ಹಿಂದಿರುಗಿ ಆತ್ಮಕಥೆಯನ್ನು ಬರೆದನು. 1944ರ ಸೆಪ್ಟೆಂಬರಿನಲ್ಲಿ ಅಲ್ಲಿಯೇ ತೀರಿಕೊಂಡನು. ಪುಸ್ತಕವು ಹೊರಬಂದುದು ಮರುವರ್ಷ.