ಮೇಷ್ಟ್ರಾಗುವುದಕ್ಕೂ ದುಡ್ಡು ಬೇಕು

‘ಹರ ಮುನಿದರೆ ಗುರು ಕಾಯುವನು’ ಎಂಬುದು ನಮ್ಮ ಹಳೆಯ ಗಾದೆ. ಆದರೆ ಗುರುವಾಗಲು ಹೊರಟವರನ್ನು ಕಾಯುವವರು ಯಾರು? ಈ ಪ್ರಶ್ನೆ ಇಂದು ನಿನ್ನೆಯದಲ್ಲ.

ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ತನ್ನ ಜಿಲ್ಲೆಯ ಶಾಲೆಗಳ ಲೆಕ್ಕ ತೆಗೆದು ಮದ್ರಾಸಿಗೆ ವರದಿ ಕಳುಹಿಸಿದ. ಜಿಲ್ಲೆಯಲ್ಲಿದ್ದದ್ದು 533 ಶಾಲೆಗಳು. ನಮ್ಮ ಹಿರಿಯರು ಕೂಲಿಮಠ ಎನ್ನುತ್ತಿದ್ದ ಬಗೆಯ, ಊರಿನ ಐಗಳು ನಡೆಸುತ್ತಿದ್ದ ಶಾಲೆಗಳೇ ಹೆಚ್ಚು. ಒಬ್ಬೊಬ್ಬ ಹುಡುಗನ ಮನೆಯಿಂದ ತಿಂಗಳಿಗೆ ಬರುತ್ತಿದ್ದುದು ಕಾಲು ರೂಪಾಯಿ, ಹೆಚ್ಚೆಂದರೆ ಅರ್ಧ ರೂಪಾಯಿ. ಎಲ್ಲ ಸೇರಿದರೂ ಐಗಳ ಗಳಿಕೆ ಆರೇಳು ರೂಪಾಯಿ ದಾಟುವುದು ಅಪರೂಪವಾಗಿತ್ತು. ಇಷ್ಟು ಹಣಕ್ಕೆ ಯೋಗ್ಯರಾದವರು ಈ ವೃತ್ತಿಗೆ ಬರಲಾರರು ಎಂದು ಕ್ಯಾಂಪ್‌ಬೆಲ್ ಅಂದೇ ಬರೆದ.

ಆದರೂ ಒಂದು ಅನುಕೂಲವಿತ್ತು. ಗಳಿಕೆ ಕಡಿಮೆಯಾದರೂ ಐಗಳಾಗಲು ಸರ್ಟಿಫಿಕೇಟು ಬೇಕಿರಲಿಲ್ಲ, ಅದಕ್ಕಾಗಿ ಸಾಲ ಮಾಡಬೇಕಿರಲಿಲ್ಲ.

ಮುಂದೆ ಶಿಕ್ಷಕರಿಗೆ ತರಬೇತಿ ಬೇಕು ಎಂಬ ವಿಚಾರ ಬಲವಾಯಿತು. 1854ರ ಚಾರ್ಲ್ಸ್ ವುಡ್ ನಿರೂಪವು ನಾರ್ಮಲ್ ಸ್ಕೂಲುಗಳನ್ನು ತೆರೆಯಲು ಸೂಚಿಸಿತು. ಅದರಲ್ಲಿ ಗಮನಿಸಬೇಕಾದ ಮಾತೊಂದಿದೆ: ಶಿಕ್ಷಕ ವೃತ್ತಿಗೆ ಆಯ್ಕೆಯಾದವರಿಗೆ ಕಲಿಯುವ ಕಾಲದಲ್ಲಿ ವಿದ್ಯಾರ್ಥಿವೇತನ ಕೊಡಬೇಕು, ಕೆಲಸಕ್ಕೆ ಸೇರಿದ ಮೇಲೆ ಸಾಕಷ್ಟು ಸಂಬಳ ಸಿಗಬೇಕು. ಅಂದರೆ ಶಿಕ್ಷಕರನ್ನು ತಯಾರು ಮಾಡುವ ಖರ್ಚು ಅವರನ್ನು ಬಯಸುವ ಸಮಾಜದ್ದು ಎಂಬ ತತ್ವ ಅಲ್ಲಿತ್ತು.

ಇಂದು ಆ ಖರ್ಚಿನ ಬಹುಪಾಲು ಅಭ್ಯರ್ಥಿಯ ಮನೆಯ ಮೇಲೆ ಬಿದ್ದಿದೆ. ಪಿ.ಯು.ಸಿ. ನಂತರ ಎರಡು ವರ್ಷದ ಡಿ.ಎಲ್.ಇಡಿ. ಓದಬೇಕು. ಒಂದು ಕಾಲಕ್ಕೆ ಟಿ.ಸಿ.ಎಚ್. ಎಂದು ಮನೆಮಾತಾಗಿದ್ದ ಕೋರ್ಸಿನ ಇಂದಿನ ರೂಪವಿದು. ಇಲ್ಲವೇ ಪದವಿಯ ನಂತರ ಬಿ.ಇಡಿ. ಓದಬೇಕು. ಒಂದು ವರ್ಷದ್ದಾಗಿದ್ದ ಬಿ.ಇಡಿ., ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಗಳಿಂದಾಗಿ 2015ರಿಂದ ಎರಡು ವರ್ಷದ್ದಾಯಿತು. ಶಾಲೆಯಲ್ಲಿ 20 ವಾರಗಳ ಅಭ್ಯಾಸ ಕಡ್ಡಾಯ. ತರಗತಿಗೆ ಶೇ. 80, ಶಾಲಾಭ್ಯಾಸಕ್ಕೆ ಶೇ. 90 ಹಾಜರಾತಿ ಇರಬೇಕು.

ಉದ್ದೇಶ ಒಳ್ಳೆಯದೇ. ಮಕ್ಕಳ ಮುಂದೆ ನಿಲ್ಲದೆ ಯಾರೂ ಮೇಷ್ಟ್ರಾಗಲಾರರು. ಆದರೆ ಲೆಕ್ಕ ನೋಡಿ. ಫೀಸು, ಹಾಸ್ಟೆಲ್, ಬಸ್ಸು, ಪಾಠದ ಚಾರ್ಟುಗಳು ಕಣ್ಣಿಗೆ ಕಾಣುವ ಖರ್ಚು. ಕಾಣದ ಖರ್ಚು ಇನ್ನೂ ದೊಡ್ಡದು. ಈ ಹಾಜರಾತಿ ಉಳಿಸಿಕೊಂಡು ಹಗಲು ಬೇರೆ ದುಡಿಮೆ ಮಾಡಲಾಗದು. ದುಡಿಯುವ ವಯಸ್ಸಿನ ಮಗಳ ಎರಡು ವರ್ಷದ ಗಳಿಕೆಯನ್ನು ಕೂಲಿಯವರ ಮನೆ ಬಿಟ್ಟುಕೊಡಬೇಕು. ವೈದ್ಯ ವಿದ್ಯಾರ್ಥಿ ಹೌಸ್ ಸರ್ಜನ್ ಆದಾಗ ಸ್ಟೈಪೆಂಡ್ ಉಂಟು. ಶಾಲಾಭ್ಯಾಸಕ್ಕೆ ಹೋಗುವ ಭಾವಿ ಶಿಕ್ಷಕಿಗೆ ಅಂಥದೇನನ್ನೂ ಈ ನಿಯಮಗಳು ಕಡ್ಡಾಯ ಮಾಡಿಲ್ಲ.

ಓದು ಮುಗಿದರೂ ಬಾಗಿಲು ತೆರೆಯದು. ಒಂದರಿಂದ ಎಂಟನೇ ತರಗತಿಗೆ ಕಲಿಸಲು 2010ರಿಂದ ಶಿಕ್ಷಕರ ಅರ್ಹತಾ ಪರೀಕ್ಷೆ ಬಂದಿದೆ. ಅದರಲ್ಲಿ ಪಾಸಾದರೆ ಅರ್ಹತೆ ಸಿಗುತ್ತದೆ, ನೌಕರಿಯಲ್ಲ. ನೇಮಕಾತಿಗೆ ಬೇರೆ ಪರೀಕ್ಷೆ ಇದೆ, ಅದೂ ಪ್ರತಿವರ್ಷ ಬರುವುದಿಲ್ಲ. ಅಲ್ಲಿಯತನಕ ಅತಿಥಿ ಶಿಕ್ಷಕರಾಗಿ ಗೌರವಧನದಲ್ಲಿ ದಿನ ದೂಡಬೇಕು. ಈ ನಡುವೆ ನಿಯಮಗಳೂ ಬದಲಾಗುತ್ತವೆ. ಬಿ.ಇಡಿ. ಆದವರು ಒಂದರಿಂದ ಐದನೇ ತರಗತಿಗೆ ಕಲಿಸಬಹುದೆಂದು 2018ರಲ್ಲಿ ಪರಿಷತ್ತು ಹೇಳಿತ್ತು; 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಪುಟ್ಟ ಮಕ್ಕಳಿಗೆ ಕಲಿಸುವ ವಿದ್ಯೆಯೇ ಬೇರೆ ಎಂಬ ಆ ತೀರ್ಪಿನ ಹಿಂದಿನ ವಾದ ಸರಿಯಾದದ್ದೇ. ಆದರೆ ಆ ಭರವಸೆಯಿಂದಲೇ ಹಣ ಕಟ್ಟಿ ಓದಿದವರ ನಷ್ಟವನ್ನು ತುಂಬಿಕೊಡುವವರಿಲ್ಲ.

2030ರ ಹೊತ್ತಿಗೆ ನಾಲ್ಕು ವರ್ಷದ ಸಂಯೋಜಿತ ಬಿ.ಇಡಿ.ಯೇ ಕನಿಷ್ಠ ಅರ್ಹತೆಯಾಗಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಪ್ರತಿಭಾವಂತರಿಗೆ ವಿದ್ಯಾರ್ಥಿವೇತನದ ಮಾತನ್ನೂ ಆಡುತ್ತದೆ. ಮೊದಲನೆಯದು ಬಂದು ಎರಡನೆಯದು ಹಿಂದುಳಿದರೆ, ಕೂಲಿಯವರ ಮನೆಯ ಹುಡುಗಿ ಕರಿಹಲಗೆಯ ಮುಂದೆ ನಿಲ್ಲುವ ಮೊದಲೇ ಹಿಂದೆ ಸರಿಯುತ್ತಾಳೆ. ಹಸಿದು ಬಂದ ಮಗುವಿನ ಮುಖ ನೋಡಿದೊಡನೆ ವಿಷಯ ಏನೆಂದು ತಿಳಿಯಬಲ್ಲ ಶಿಕ್ಷಕಿಯೊಬ್ಬಳನ್ನು ಶಾಲೆ ಕಳೆದುಕೊಳ್ಳುತ್ತದೆ. ಆ ನಷ್ಟ ಯಾವ ಲೆಕ್ಕಪುಸ್ತಕದಲ್ಲೂ ಬರುವುದಿಲ್ಲ.